ನಮ್ಮ ಮನೆಗೆ ಭಾನುವಾರ ಬಂದ ಬಗೆ

ಸಂಘದ ಕಾರ್ಯಕ್ರಮಕ್ಕೆ ಕರೆಯೋಲೆ ಬರೆಯಲು ಕುಳಿತಾಗಲೆಲ್ಲ ಒಂದು ಸಣ್ಣ ಜಗ್ಗಾಟ ನಡೆಯುವುದುಂಟು. ಮಂಗಳೂರು-ಉಡುಪಿಯ ಕಡೆಯವರು 'ಆದಿತ್ಯವಾರ' ಎಂದು ಬರೆಯಿರಿ ಎನ್ನುತ್ತಾರೆ. ಧಾರವಾಡ-ಬೆಳಗಾವಿಯವರಿಗೆ 'ರವಿವಾರ'ವೇ ಸರಿ. ಮೈಸೂರಿನವರು 'ಭಾನುವಾರ' ಬಿಟ್ಟು ಕದಲುವವರಲ್ಲ. ಊರಿನಿಂದ ಬಂದ ಅಜ್ಜಿಯರ ಬಾಯಲ್ಲಿ ಅದು 'ಐತವಾರ'. ಮಕ್ಕಳನ್ನು ಕೇಳಿದರೆ ನಾಲ್ಕನ್ನೂ ಬಿಟ್ಟು 'ಸಂಡೇ' ಎನ್ನುತ್ತವೆ. ಕೊನೆಗೆ ಯಾವ ಹೆಸರು ಅಚ್ಚಾದರೂ ಜನ ಸೇರುವುದು ಆ ದಿನವೇ. ಬೇರೆ ದಿನ ಯಾರಿಗೆ ಬಿಡುವಿದೆ?

ಬಿಡುವು ಎಂದೆನಾದರೂ, ಪರಸ್ಥಳದ ಕನ್ನಡ ಮನೆಯೊಂದರಲ್ಲಿ ಆ ದಿನ ಹೇಗೆ ಕಳೆಯುತ್ತದೆಂಬುದನ್ನು ಬಲ್ಲವರಿಗೆ ಈ ಮಾತು ತಮಾಷೆಯಾಗಿ ಕಂಡೀತು. ಶನಿವಾರ ರಾತ್ರಿಯೇ ದೋಸೆಗೆ ರುಬ್ಬಿಟ್ಟು ಮಲಗಬೇಕು. ಬೆಳಗ್ಗೆ ಎದ್ದರೆ ಮಕ್ಕಳ ಎಣ್ಣೆನೀರು. ಒಬ್ಬನ ತಲೆಗೆ ಸೀಗೆಪುಡಿ ಹಾಕಿ ತಿಕ್ಕುವಷ್ಟರಲ್ಲಿ ಇನ್ನೊಬ್ಬಳು ಮಂಚದ ಕೆಳಗೆ ಸೇರಿಕೊಂಡಿರುತ್ತಾಳೆ. ಹತ್ತು ಗಂಟೆಗೆ ಕನ್ನಡ ತರಗತಿ, ಹನ್ನೊಂದೂವರೆಗೆ ಚಿತ್ರಕಲೆ, ಮಧ್ಯಾಹ್ನ ಡೊಂಬಿವಲಿಯಲ್ಲಿ ಸೋದರತ್ತೆಯ ಮನೆಯ ಸತ್ಯನಾರಾಯಣ ಪೂಜೆ. ಅಂದೇ ರೈಲಿನವರ ಮೆಗಾ ಬ್ಲಾಕ್. ಸಂಜೆ ಮನೆ ಸೇರಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿರುವಾಗ, ನಾಳೆ ಶಾಲೆಗೆ ಚಾರ್ಟ್ ಪೇಪರಿನ ಮೇಲೆ ಸೌರಮಂಡಲ ಬರೆದೊಯ್ಯಬೇಕೆಂಬುದು ಮಗನಿಗೆ ನೆನಪಾಗುತ್ತದೆ. ಸೋಮವಾರ ಕೆಲಸಕ್ಕೆ ಹೊರಟ ಗೃಹಸ್ಥನೊಬ್ಬ, "ಅಂತೂ ಭಾನುವಾರ ಮುಗಿಯಿತಪ್ಪ" ಎಂದು ಉಸಿರು ಬಿಟ್ಟದ್ದನ್ನು ಕೇಳಿದ್ದೇನೆ.

ಹೀಗೆ ನಾವು ತುಂಬಿ ತುಳುಕಿಸುವ ಈ ದಿನ ನಮಗೆ ಎಲ್ಲಿಂದ ಬಂತು? ಬ್ರಿಟಿಷರು ತಮ್ಮ ಇಗರ್ಜಿಗಾಗಿ ರಜೆ ಇಟ್ಟುಕೊಂಡರು, ನಾವೂ ಅದನ್ನೇ ಹಿಡಿದುಕೊಂಡೆವು ಎಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅದು ಅರ್ಧ ಮಾತ್ರ ನಿಜ. ಉಳಿದರ್ಧದ ಕಥೆ ನಡೆದದ್ದು ಇದೇ ಮುಂಬಯಿಯಲ್ಲಿ, ದಿನಾಲೂ ನಾವು ರೈಲಿನಲ್ಲಿ ದಾಟಿಹೋಗುವ ಗಿರಣಿಗಳ ಅಂಗಳದಲ್ಲಿ. ಆ ಕಥೆಯಲ್ಲಿ ಮಕ್ಕಳಿಗೂ ಒಂದು ಪಾಲಿದೆ.

ವಾರದ ಹೆಸರುಗಳು ನಮಗೆ ಹೊಸವಲ್ಲ. ಮಧ್ಯಪ್ರದೇಶದ ಏರಣದಲ್ಲಿ ದೊರೆತ ಕ್ರಿ. ಶ. 484ರ ಬುಧಗುಪ್ತನ ಕಾಲದ ಶಾಸನದಲ್ಲಿ ಗುರುವಾರದ ಉಲ್ಲೇಖವಿದೆ. ನಮ್ಮ ಕನ್ನಡ ಶಾಸನಗಳಲ್ಲಂತೂ ಆದಿತ್ಯವಾರ, ಸೋಮವಾರಗಳು ಹೇರಳ. ಶನಿವಾರಕ್ಕೆ 'ವಡ್ಡವಾರ' ಎಂಬ ಸೊಗಸಾದ ಹೆಸರೂ ಇತ್ತು. ಆದರೆ ವಾರದ ಹೆಸರು ಬೇರೆ, ವಾರಕ್ಕೊಂದು ರಜೆ ಬೇರೆ. ನಮ್ಮ ಹಿರಿಯರು ದಾನ ಕೊಡಲು, ವ್ರತ ಹಿಡಿಯಲು, ಸಂತೆ ಕೂಡಿಸಲು ವಾರವನ್ನು ನೋಡುತ್ತಿದ್ದರು. ವಿಶ್ರಾಂತಿಗೆ ನೋಡುತ್ತಿದ್ದದ್ದು ಬಹುಮಟ್ಟಿಗೆ ಚಂದ್ರನನ್ನು. ಹಳೆಯ ಕೂಲಿಮಠಗಳಲ್ಲಿ, ಪಾಠಶಾಲೆಗಳಲ್ಲಿ ಅಮಾವಾಸ್ಯೆ, ಹುಣ್ಣಿಮೆ, ಪಾಡ್ಯ, ಅಷ್ಟಮಿ, ಚತುರ್ದಶಿಗಳು ಅನಧ್ಯಯನದ ದಿನಗಳು. ಪಾಡ್ಯದ ದಿನ ಓದಿದ ವಿದ್ಯೆ ಸವೆದುಹೋಗುತ್ತದೆಂಬ ನಂಬಿಕೆ ಗಟ್ಟಿಯಾಗಿತ್ತು. ಹುಡುಗರಿಗೆ ಅದಕ್ಕಿಂತ ಪ್ರಿಯವಾದ ಶಾಸ್ತ್ರ ಇನ್ನೊಂದಿರಲಾರದು. ಹೊಲದ ಕೆಲಸಕ್ಕೆ ಬೇರೆಯೇ ಕಟ್ಟು. ಸೋಮವಾರ ಬಸವಣ್ಣನ ದಿನವೆಂದು ಎತ್ತಿನ ಹೆಗಲಿಗೆ ನೊಗ ಇಡದ ಪದ್ಧತಿ ನಾಡಿನ ಅನೇಕ ಕಡೆ ಇತ್ತು, ಈಗಲೂ ಕೆಲವು ಹಳ್ಳಿಗಳಲ್ಲಿದೆ. ನೋಡಿ, ಎತ್ತಿಗೆ ವಾರದ ರಜೆ ಸಿಕ್ಕಿತ್ತು! ಅದರ ಹಿಂದೆ ನಡೆಯುವ ಮನುಷ್ಯ ಆ ದಿನ ಬೇಲಿ ಕಟ್ಟುತ್ತಿದ್ದನೋ ಸೌದೆ ಸೀಳುತ್ತಿದ್ದನೋ, ಸುಮ್ಮನಂತೂ ಕೂರುತ್ತಿರಲಿಲ್ಲ.

ಬ್ರಿಟಿಷರ ಆಡಳಿತ ಬಂದ ಮೇಲೆ ಕಛೇರಿ, ಕೋರ್ಟುಗಳಿಗೆ ಭಾನುವಾರ ಬಾಗಿಲು ಹಾಕಿತು. ಗುಮಾಸ್ತರಿಗೆ ರಜೆ ದೊರೆಯಿತು, ಸರಕಾರಿ ಶಾಲೆಗಳೂ ಅದೇ ದಾರಿ ಹಿಡಿದವು. ಆದರೆ ಈ ರಜೆ ಕಾಗದದ ಮೇಲೆ ಕೆಲಸ ಮಾಡುವವರಿಗೆ ಮಾತ್ರ, ಕೈಕೆಲಸದವರಿಗಲ್ಲ.

ಮುಂಬಯಿಯ ಮೊದಲ ಹತ್ತಿಗಿರಣಿಯನ್ನು ಕಾವಸ್‌ಜಿ ದಾವರ್ ಎಂಬ ಪಾರ್ಸಿ ಗೃಹಸ್ಥರು 1854ರಲ್ಲಿ ಸ್ಥಾಪಿಸಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ಗಿರಣಿಗಳು ಒಂದರ ಪಕ್ಕ ಒಂದು ಎದ್ದು ನಿಂತವು. ಕೊಂಕಣದಿಂದ, ಘಟ್ಟದ ಮೇಲಿನಿಂದ ಜನ ಹರಿದುಬಂದರು. ಕೆಲಸದ ವೇಳೆಗೆ ಗಡಿಯಾರವಿರಲಿಲ್ಲ. ಸೂರ್ಯ ಹುಟ್ಟಿದಾಗ ಯಂತ್ರ ಹೊರಟರೆ, ಮುಳುಗಿದಾಗ ನಿಲ್ಲುತ್ತಿತ್ತು. ಬೇಸಗೆಯಲ್ಲಿ ಹಗಲು ಉದ್ದವಾದರೆ ದುಡಿಮೆಯೂ ಉದ್ದ. ರಜೆ ಎಂದರೆ ದೊಡ್ಡ ಹಬ್ಬಗಳು ಮಾತ್ರ. ಭಾನುವಾರ ಯಂತ್ರ ನಿಲ್ಲಿಸುತ್ತಿದ್ದ ಗಿರಣಿಗಳಲ್ಲೂ ಅದನ್ನು ಒರೆಸಿ ಎಣ್ಣೆ ಹಾಕಲು ಕೆಲಸಗಾರರು ಅರ್ಧ ದಿನ ಬರಬೇಕಾಗುತ್ತಿತ್ತು.

ಈ ಗಿರಣಿಗಳಲ್ಲಿ ಮಕ್ಕಳಿದ್ದರು. ನೂಲಿನ ಉರುಳೆ ತುಂಬಿದಾಗ ತೆಗೆದು ಖಾಲಿ ಉರುಳೆ ಸಿಕ್ಕಿಸುವುದು, ಹರಿದ ಎಳೆಯನ್ನು ಕೂಡಿಸುವುದು ಮುಂತಾದ ಕೆಲಸಗಳಿಗೆ ಸಣ್ಣ ಬೆರಳುಗಳೇ ಬೇಕೆಂದು ಆರೇಳು ವರ್ಷದವರನ್ನೂ ಸೇರಿಸಿಕೊಳ್ಳುತ್ತಿದ್ದರು. ತಂದೆತಾಯಿಯರಿಗೂ ಆ ನಾಲ್ಕು ಕಾಸು ಬೇಕಿತ್ತು. ಇದನ್ನು ನೋಡಿ ಮರುಗಿದವರಲ್ಲಿ ಸೊರಾಬ್‌ಜಿ ಶಾಪುರ್‌ಜಿ ಬೆಂಗಾಲಿ ಎಂಬ ಮುಂಬಯಿಯ ಪಾರ್ಸಿ ಸಜ್ಜನರು ಮುಖ್ಯರು. ಹೆಸರಿನಲ್ಲಿ ಬೆಂಗಾಲಿ ಎಂದಿದ್ದರೂ ಬಂಗಾಳದವರಲ್ಲ. 1878ರಲ್ಲಿಯೇ ಅವರು ಒಂದು ಮಸೂದೆ ಸಿದ್ಧಪಡಿಸಿ ಕಾಯಿದೆಗಾಗಿ ಹೋರಾಡಿದರು. ವಿರೋಧ ಬಹಳ. ಗಿರಣಿ ಮಾಲೀಕರು ಒಪ್ಪಲಿಲ್ಲವೆಂದರೆ ಆಶ್ಚರ್ಯವಿಲ್ಲ. ನಮ್ಮ ದೇಶಾಭಿಮಾನಿ ಪತ್ರಿಕೆಗಳಲ್ಲಿ ಹೆಚ್ಚಿನವೂ ವಿರೋಧಿಸಿದವು. ಭಾರತದ ಗಿರಣಿಗಳ ಕತ್ತು ಹಿಸುಕಲು ಲಂಕಾಶಯರಿನ ಮಾಲೀಕರು ಮಕ್ಕಳ ಹೆಸರು ಹೇಳುತ್ತಿದ್ದಾರೆ ಎಂಬುದು ಅವುಗಳ ವಾದ. ಲಂಕಾಶಯರಿನವರಿಗೆ ಆ ಸ್ವಾರ್ಥ ಇದ್ದದ್ದೂ ಸುಳ್ಳಲ್ಲ. ಆದರೆ ಎರಡು ಕಡೆಯ ದೊಡ್ಡವರ ಲೆಕ್ಕಾಚಾರದ ನಡುವೆ ನಿಂತಿದ್ದ ಏಳು ವರ್ಷದ ಹುಡುಗನ ನಿದ್ದೆಗಣ್ಣು ಮಾತ್ರ ಯಾರ ವಾದದಿಂದಲೂ ಸುಳ್ಳಾಗುವಂತಿರಲಿಲ್ಲ.

ಅಂತೂ 1881ರಲ್ಲಿ ಮೊದಲ ಕಾರ್ಖಾನೆ ಕಾಯಿದೆ ಬಂತು. ನೂರು ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಾರ್ಖಾನೆಗಳಿಗೆ ಮಾತ್ರ ಅದು ಅನ್ವಯ. ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು. ಏಳರಿಂದ ಹನ್ನೆರಡರವರೆಗಿನವರನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಒಂದು ಗಂಟೆ ವಿರಾಮ ಕೊಡಬೇಕು. ಮತ್ತು ತಿಂಗಳಿಗೆ ನಾಲ್ಕು ದಿನ ರಜೆ. ಇಂದು ಇದನ್ನು ಓದಿದರೆ ಮೈ ಜುಮ್ಮೆನ್ನುತ್ತದೆ, ಒಂಬತ್ತು ಗಂಟೆಯನ್ನು ದಯೆಯೆಂದು ಎಣಿಸಿದ ಕಾಲವದು. ಆದರೂ ಕಡೆಯ ಸಾಲನ್ನು ಗಮನಿಸಬೇಕು. ನಮ್ಮ ದೇಶದ ಕಾರ್ಖಾನೆಗಳಲ್ಲಿ ನಿಯತವಾದ ರಜೆಯ ಹಕ್ಕನ್ನು ಕಾಯಿದೆ ಮೊದಲು ಕೊಟ್ಟದ್ದು ಮಕ್ಕಳಿಗೆ. ಅವರ ಪಕ್ಕದಲ್ಲೇ ನಿಂತು ದುಡಿಯುತ್ತಿದ್ದ ತಂದೆಗೂ ತಾಯಿಗೂ ಅದು ಸಿಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಆ ನಾಲ್ಕು ದಿನ ಮಗು ಚಾಳಿನಲ್ಲಿ, ತಂದೆತಾಯಿ ಗಿರಣಿಯಲ್ಲಿ.

ಇಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಬರುತ್ತಾರೆ. 1848ರಲ್ಲಿ ಠಾಣೆಯಲ್ಲಿ ಹುಟ್ಟಿದವರು, ಹೆಚ್ಚು ಓದಿದವರಲ್ಲ. ಗಿರಣಿಯೊಂದರಲ್ಲಿ ಉಗ್ರಾಣದ ಲೆಕ್ಕ ನೋಡಿಕೊಳ್ಳುತ್ತಿದ್ದರು. ದಿನವೂ ಕಣ್ಣೆದುರು ಕಂಡದ್ದನ್ನು ಅವರು ಮರೆಯಲಿಲ್ಲ. ಜ್ಯೋತಿರಾವ್ ಫುಲೆಯವರ ಸತ್ಯಶೋಧಕ ಬಳಗ ಸೇರಿದರು. 1880ರಿಂದ 'ದೀನಬಂಧು' ಪತ್ರಿಕೆಯನ್ನು ಮುಂಬಯಿಯಿಂದ ನಡೆಸಿದರು. 1884ರ ಸೆಪ್ಟೆಂಬರ್‌ನಲ್ಲಿ ಗಿರಣಿ ಕೆಲಸಗಾರರ ಸಭೆಗಳನ್ನು ಕೂಡಿಸಿ, ಸುಮಾರು 5,500 ಜನರ ರುಜುವಿನೊಂದಿಗೆ ಒಂದು ಮನವಿ ಸಿದ್ಧಪಡಿಸಿದರು. ಬೇಡಿಕೆಗಳು ಬಹಳ ಸಾಧಾರಣ: ಭಾನುವಾರ ರಜೆ, ನಡುಹಗಲು ಅರ್ಧ ಗಂಟೆ ವಿರಾಮ, ಬೆಳಗ್ಗೆ ಆರೂವರೆಯಿಂದ ಸೂರ್ಯಾಸ್ತದವರೆಗೆ ಮಾತ್ರ ಕೆಲಸ, ತಿಂಗಳ ಸಂಬಳ ಮರುತಿಂಗಳ ಹದಿನೈದರೊಳಗೆ ಕೈಗೆ ಬರುವುದು, ಕೆಲಸದಲ್ಲಿ ಪೆಟ್ಟಾದರೆ ಪರಿಹಾರ. ಇಷ್ಟಕ್ಕೆ ಆರು ವರ್ಷ ಓಡಾಡಬೇಕಾಯಿತು.

ಬೇರೆ ದಿನ ಬಿಟ್ಟು ಭಾನುವಾರವೇ ಏಕೆ? ಸಾಹೇಬರಿಗೆ ಆ ದಿನ ಪವಿತ್ರ ಎಂಬುದು ಒಂದು ಅನುಕೂಲ. ಅವರ ಬಾಯಿ ಕಟ್ಟುತ್ತದೆ. ಕೆಲಸಗಾರರಿಗೆ ಅದಕ್ಕಿಂತ ಹತ್ತಿರದ ಕಾರಣವೊಂದಿತ್ತೆಂದು ಹೇಳುವುದುಂಟು. ಭಾನುವಾರ ಖಂಡೋಬನ ವಾರ. ಘಟ್ಟದ ಮೇಲಿನಿಂದ ಬಂದ ಗಿರಣಿ ಜನರಲ್ಲಿ ಬಹಳ ಮಂದಿ ಜೇಜೂರಿಯ ಖಂಡೋಬನ ಒಕ್ಕಲು. ಈ ಖಂಡೋಬ ನಮಗೇನೂ ಹೊರಗಿನವನಲ್ಲ. ಹೂವಿನಹಡಗಲಿಯ ಮೈಲಾರದಲ್ಲಿ, ರಾಣೆಬೆನ್ನೂರಿನ ಬಳಿಯ ದೇವರಗುಡ್ಡದಲ್ಲಿ, ಬೀದರದ ಖಾನಾಪುರದಲ್ಲಿ ಪೂಜೆಗೊಳ್ಳುವ ಮೈಲಾರಲಿಂಗ, ಮೈಲಾರ ಮಲ್ಲಣ್ಣನೇ ಅವನು. ಅದೇ ಕುದುರೆ, ಅದೇ ಭಂಡಾರದ ಹಳದಿ. ಅವನು ಕನ್ನಡ ನಾಡಿನಿಂದ ಬಂದ ದೇವರೆಂದು ಮರಾಠಿ ಭಕ್ತರೇ ಹೇಳಿಕೊಳ್ಳುತ್ತಾರೆ. ಮುಂಬಯಿಗೆ ನಮಗಿಂತ ಮುಂಚೆ ಬಂದು ನೆಲೆಸಿದ ಕನ್ನಡಿಗನೊಬ್ಬನ ಹೆಸರು ಹೇಳಿ ಎಂದರೆ ಮೈಲಾರನ ಹೆಸರನ್ನೇ ಹೇಳಬಹುದೇನೋ. ನಮ್ಮ ಭಾನುವಾರದ ಮೇಲೆ ಇಗರ್ಜಿಯ ಗಂಟೆಯ ಜೊತೆಗೆ ಗೊರವಯ್ಯನ ಡಮರುಗದ ಸದ್ದೂ ಇದೆ ಎಂದುಕೊಂಡರೆ ನನಗಂತೂ ಸಂತೋಷ.

1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಬಳಿ ನಡೆದ ಸಭೆಗೆ ಸುಮಾರು ಹತ್ತು ಸಾವಿರ ಕೆಲಸಗಾರರು ಸೇರಿದರು. ಧ್ವನಿವರ್ಧಕವಿಲ್ಲದ ಕಾಲ, ಹಿಂದೆ ನಿಂತವರಿಗೆ ಎಷ್ಟು ಕೇಳಿಸಿತೋ. ಆ ಸಭೆಯಲ್ಲಿ ಇಬ್ಬರು ಗಿರಣಿ ಹೆಂಗಸರೂ ಎದ್ದು ಮಾತನಾಡಿದರು. ಅಂದಿನ ದೊಡ್ಡ ದೊಡ್ಡ ಸುಶಿಕ್ಷಿತ ಸಭೆಗಳಲ್ಲಿ ಸ್ತ್ರೀಯರ ದನಿ ಅಪರೂಪವಾಗಿದ್ದಾಗ, ನೂಲಿನ ಧೂಳು ಮೆತ್ತಿದ ಸೀರೆಯಲ್ಲೇ ಬಂದಿದ್ದಿರಬಹುದಾದ ಇಬ್ಬರು ತಾಯಂದಿರು ಹತ್ತು ಸಾವಿರ ಜನರೆದುರು ನಿಂತು ರಜೆ ಕೇಳಿದರು. ಅದೇ ವರ್ಷ ಜೂನ್ 10ರಂದು ಮುಂಬಯಿ ಗಿರಣಿ ಮಾಲೀಕರ ಸಂಘ ವಾರದ ರಜೆಗೆ ಒಪ್ಪಿತು. ಫುಲೆಯವರು ಆಗಿನ್ನೂ ಜೀವಂತವಾಗಿದ್ದರು. ಅದೇ ನವೆಂಬರಿನಲ್ಲಿ ತೀರಿಕೊಂಡರು. ಲೋಖಂಡೆಯವರನ್ನು 1897ರ ಫೆಬ್ರವರಿಯಲ್ಲಿ ಪ್ಲೇಗು ಕೊಂಡೊಯ್ಯಿತು, ಐವತ್ತೂ ತುಂಬಿರಲಿಲ್ಲ. 2005ರಲ್ಲಿ ಭಾರತ ಸರಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು.

1891ರ ತಿದ್ದುಪಡಿಯಿಂದ ವಾರದ ರಜೆ ಕಾಯಿದೆಯೊಳಗೇ ಸೇರಿತು. ಐವತ್ತು ಜನರಿದ್ದ ಕಾರ್ಖಾನೆಗೂ ಅನ್ವಯವಾಯಿತು. ಮಕ್ಕಳ ಕನಿಷ್ಠ ವಯಸ್ಸು ಏಳರಿಂದ ಒಂಬತ್ತಕ್ಕೇರಿತು, ಅವರ ದುಡಿಮೆ ಏಳು ಗಂಟೆಗಿಳಿಯಿತು. ಹೆಂಗಸರಿಗೆ ಹನ್ನೊಂದು ಗಂಟೆಯ ಮಿತಿ. ಮುಂಬಯಿ ಇಲಾಖೆಯಲ್ಲೇ ಇದ್ದ ಬೆಳಗಾವಿ ಜಿಲ್ಲೆಯಲ್ಲಿ, ಘಟಪ್ರಭೆಯ ದಡದ ಗೋಕಾಕ ಫಾಲ್ಸಿನಲ್ಲಿ 1880ರ ದಶಕದಲ್ಲೇ ಗಿರಣಿ ಎದ್ದಿತ್ತು. ಹೀಗಾಗಿ ಕನ್ನಡ ಗಿರಣಿ ಕೆಲಸಗಾರರಿಗೂ ಈ ಭಾನುವಾರದಲ್ಲಿ ಪಾಲು ಬಂತು.

ಗಿರಣಿ ನಿಂತಿತು, ಒಲೆ ನಿಲ್ಲಲಿಲ್ಲ. ಗಂಡಸಿಗೂ ಮಕ್ಕಳಿಗೂ ರಜೆಯಾದ ದಿನ ಮನೆಯಲ್ಲಿ ಊಟಕ್ಕೆ ಕೂರುವವರು ಹೆಚ್ಚು, ಒಗೆಯುವ ಬಟ್ಟೆ ಹೆಚ್ಚು, ಬರುವ ನೆಂಟರು ಹೆಚ್ಚು. ಮಹಾಲಕ್ಷ್ಮಿಯಲ್ಲಿ ಮಾತಾಡಿದ ಆ ಇಬ್ಬರೂ ಮರುವಾರದ ಭಾನುವಾರ ಏನು ಮಾಡಿರಬಹುದೆಂಬುದನ್ನು ಊಹಿಸಲು ಇತಿಹಾಸಕಾರ ಬೇಕಿಲ್ಲ, ನಮ್ಮ ನಮ್ಮ ಅಡುಗೆಮನೆಯತ್ತ ಒಮ್ಮೆ ನೋಡಿದರೆ ಸಾಕು. ಕಾರ್ಖಾನೆ ಕಾಯಿದೆ ಹೊಸ್ತಿಲ ಒಳಗೆ ಬರುವುದಿಲ್ಲ. ಆ ಮಟ್ಟಿಗೆ 1891 ಇನ್ನೂ ಅನೇಕ ಮನೆಗಳಿಗೆ ಬಂದಿಲ್ಲ.

ಎಣ್ಣೆನೀರಿನ ಸಂಗತಿಯನ್ನೇ ನೋಡಿ. ಹಳೆಯ ಕಟ್ಟಳೆಯ ಪ್ರಕಾರ ಗಂಡಸರಿಗೆ ಬುಧವಾರ, ಶನಿವಾರ. ಹೆಂಗಸರಿಗೆ ಮಂಗಳವಾರ, ಶುಕ್ರವಾರ. ಭಾನುವಾರ ಎಣ್ಣೆ ಮುಟ್ಟುವುದೇ ನಿಷಿದ್ಧ. ಆದರೆ ಪಟ್ಟಣದಲ್ಲಿ ಬುಧವಾರ ಬೆಳಗ್ಗೆ ಆರೂ ಇಪ್ಪತ್ತರ ಲೋಕಲ್ ಹಿಡಿಯುವವನು ಎಣ್ಣೆ ಹಚ್ಚಿಕೊಂಡು ನೆನೆಯುತ್ತ ಕೂರುವುದುಂಟೆ? ಶಾಲೆಯ ಬಸ್ಸು ಕಾಯುತ್ತದೆಯೆ? ಹೀಗೆ ನಿಷಿದ್ಧ ದಿನವೇ ಎಣ್ಣೆಯ ದಿನವಾಯಿತು. ಶಾಸ್ತ್ರದಲ್ಲೇ ಒಂದು ಹಿಂಬಾಗಿಲೂ ಇತ್ತು: ಭಾನುವಾರ ಹಚ್ಚಿಕೊಳ್ಳಲೇಬೇಕಾದರೆ ಎಣ್ಣೆಗೆ ಒಂದು ಹೂವು ಹಾಕಿದರೆ ದೋಷವಿಲ್ಲ. ನಮ್ಮ ತಾಯಿ ಪ್ರತಿ ವಾರವೂ ಎಣ್ಣೆಬಟ್ಟಲಿಗೆ ದೇವರ ಮೇಲಿನ ಒಂದು ಎಸಳು ಹಾಕಿಯೇ ನಮ್ಮ ತಲೆಗೆ ಕೈ ಇಡುತ್ತಿದ್ದರು. ಅದು ಪರಿಮಳಕ್ಕೆಂದು ನಾನು ಬಹಳ ಕಾಲ ನಂಬಿದ್ದೆ.

ಎಲ್ಲ ಕನ್ನಡಿಗರಿಗೂ ಭಾನುವಾರ ರಜೆಯಾಗಿ ಬಂತೆಂದು ಹೇಳುವಂತಿಲ್ಲ. ಮುಂಬಯಿಗೆ ನಮ್ಮವರು ಬಂದದ್ದು ಹೆಚ್ಚಾಗಿ ಹೋಟೆಲುಗಳ ದಾರಿಯಿಂದ. ಊರವರಿಗೆಲ್ಲ ರಜೆಯಾದ ದಿನವೇ ಹೋಟೆಲಿನವರಿಗೆ ಉಸಿರಾಡಲು ಪುರುಸೊತ್ತಿಲ್ಲದ ದಿನ. ಮಾಟುಂಗದ ಉಡುಪಿ ಹೋಟೆಲುಗಳ ಮುಂದೆ ಭಾನುವಾರ ಬೆಳಗ್ಗೆ ನಿಂತ ಸಾಲನ್ನು ನೋಡಿದವರಿಗೆ ಇದು ಗೊತ್ತು. ಆ ಸಾಲಿನ ಇನ್ನೊಂದು ತುದಿಯಲ್ಲಿ, ಒಳಗೆ, ಲೋಟ ತೊಳೆಯುತ್ತಿದ್ದವನು ಬಹುಶಃ ಕುಂದಾಪುರದ ಕಡೆಯ ಹನ್ನೆರಡು ವರ್ಷದ ಹುಡುಗ. ಅವನೂ ಮಗುವೇ ಅಲ್ಲವೆ? ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳು ಹುಟ್ಟಿಕೊಂಡದ್ದು ಅಂಥ ಹುಡುಗರಿಗಾಗಿ. ಹಗಲೆಲ್ಲ ದುಡಿದು ರಾತ್ರಿ ಅಲ್ಲಿ ಓದಿ ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದವರು ನಮ್ಮ ನಡುವೆ ಇದ್ದಾರೆ. 1948ರ ಮುಂಬಯಿ ಅಂಗಡಿ-ಸಂಸ್ಥೆಗಳ ಕಾಯಿದೆ ಹೋಟೆಲು ನೌಕರರಿಗೂ ವಾರಕ್ಕೊಂದು ರಜೆ ಕೊಡಬೇಕೆಂದಿತು. ಅದು ಯಾವ ವಾರವೋ ಆ ವಾರ. ಪುಣೆಯ ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ವಿದ್ಯುತ್ತಿನ ಹೊರೆ ಹಂಚಲೆಂದು ಗುರುವಾರ ರಜೆ. ಅಲ್ಲಿಯ ಎಷ್ಟೋ ಕನ್ನಡ ಮನೆಗಳಲ್ಲಿ ತಂದೆಯ ಭಾನುವಾರ ಗುರುವಾರ ಬರುತ್ತಿತ್ತು, ಮಕ್ಕಳು ಶಾಲೆಯಲ್ಲಿರುವಾಗ.

ಕಛೇರಿಯವರ ಮನೆಗಳಲ್ಲಿ ಮಾತ್ರ ಈ ದಿನಕ್ಕೆ ಒಂದು ಲಯ ಕೂಡಿಬಂತು. ಶನಿವಾರ ಅರ್ಧ ದಿನ. ಭಾನುವಾರ ಮಧ್ಯಾಹ್ನ ಊಟದ ನಂತರ ಊರಿಗೆ ಕಾಗದ. ನೀಲಿ ಇನ್‌ಲ್ಯಾಂಡಿನಲ್ಲಿ ಎಲ್ಲ ಬರೆದ ಮೇಲೆ, ಮಡಿಸುವ ಅಂಚಿನಲ್ಲಿ ಎರಡು ಸಾಲು ಜಾಗ ಬಿಟ್ಟು ಮಕ್ಕಳನ್ನು ಕೂಗುವುದು: "ಬಾ, ಅಜ್ಜನಿಗೆ ನೀನೂ ಬರೆ." ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗ ತಡವರಿಸಿ 'ತೀರ್ಥರೂಪು ಅಜ್ಜನವರಿಗೆ ಸಾಷ್ಟಾಂಗ ನಮಸ್ಕಾರಗಳು' ಎಂದು ಬರೆಯುವಾಗ ಷ-ಟ ಒತ್ತು ಎಲ್ಲಿಗೋ ಹೋಗುತ್ತಿತ್ತು. ಎಷ್ಟೋ ಮಕ್ಕಳು ವಾರಕ್ಕೊಮ್ಮೆ ಕನ್ನಡ ಬರೆದದ್ದು ಆ ಎರಡು ಸಾಲು ಮಾತ್ರ. ಫೋನು ಬಂದು ಕಾಗದ ಹೋಯಿತು, ಕಾಗದದೊಂದಿಗೆ ಆ ಎರಡು ಸಾಲೂ ಹೋದವು. ಸಂಘಗಳ ಭಾನುವಾರದ ಕನ್ನಡ ತರಗತಿಗಳು ತುಂಬುತ್ತಿರುವುದು ಅದೇ ಜಾಗವನ್ನು. ಅಲ್ಲಿಗೆ ಮಗುವನ್ನು ಎಳೆದುಕೊಂಡು ಹೋಗುವ ತಾಯಂದಿರ ಮೇಲೆ, ರಜೆಯ ದಿನವೂ ಮಕ್ಕಳನ್ನು ಬಿಡುವುದಿಲ್ಲವೆಂಬ ದೂರಿದೆ. ದೂರಿನಲ್ಲಿ ನಿಜವೂ ಇದೆ. ಆದರೆ ಉಳಿದ ಆರು ದಿನ ಕನ್ನಡಕ್ಕೆ ಜಾಗವೆಲ್ಲಿದೆ ಎಂದು ಅವರು ಮರಳಿ ಕೇಳಿದರೆ ಉತ್ತರ ಕೊಡುವುದು ಕಷ್ಟ.

ನಡುವೆ ದೂರದರ್ಶನದ ಕಾಲವೊಂದು ಬಂದು ಹೋಯಿತು. ಮುಂಬಯಿ ಕೇಂದ್ರ 1972ರ ಅಕ್ಟೋಬರ್ 2ರಂದು ಆರಂಭವಾಯಿತು. ಭಾನುವಾರ ಸಂಜೆಯ ಹಿಂದಿ ಚಿತ್ರಕ್ಕೆ ಟಿ.ವಿ. ಇದ್ದ ಒಂದೇ ಮನೆಯಲ್ಲಿ ಇಡೀ ಚಾಳು ಸೇರುತ್ತಿತ್ತು. 1987ರ ಜನವರಿ 25ರಿಂದ ರಾಮಾಯಣ, ಅದು ಮುಗಿದ ಮೇಲೆ 1988ರ ಅಕ್ಟೋಬರ್ 2ರಿಂದ ಮಹಾಭಾರತ. ಆ ಮೂರು ವರ್ಷ ಭಾನುವಾರ ಬೆಳಗಿನ ಒಂದು ಗಂಟೆ ರಸ್ತೆಗಳು ಬಿಕೋ ಎನ್ನುತ್ತಿದ್ದವು. ನನಗೆ ನೆನಪಿರುವುದು ಬೇರೆ: ಆ ಗಂಟೆಯಲ್ಲಿ ಮನೆಯ ಹೆಂಗಸರು ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂರುತ್ತಿದ್ದರು, ಕಾಫಿ ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಕೇಂದ್ರ ಸರಕಾರದ ಕಛೇರಿಗಳಿಗೆ 1985ರಲ್ಲಿ ಐದು ದಿನದ ವಾರ ಬಂತು, ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ. 'ವೀಕೆಂಡ್' ಎಂಬ ಮಾತು ನಮ್ಮ ಬಾಯಿಗೆ ಹತ್ತಿದ್ದು ಹಾಗೆ. ಒಂದು ದಿನ ಎರಡಾಯಿತು; ಎರಡೂ ತುಂಬಿಹೋದವು.

1982ರ ಜನವರಿ 18ರಂದು ಮುಂಬಯಿಯ ಗಿರಣಿ ಕಾಮಗಾರರು ದೊಡ್ಡ ಮುಷ್ಕರ ಹೂಡಿದರು. ಅದರ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಆವರಣದಲ್ಲಿ ಈಗ ದೊಡ್ಡ ಮಾಲ್ ಇದೆ. ಹಳೆಯ ಹೊಗೆಕೊಳವೆಯನ್ನು ನೆನಪಿಗೆಂದು ಉಳಿಸಿಕೊಂಡಿದ್ದಾರೆ. ಕಳೆದ ತಿಂಗಳು ಒಂದು ಭಾನುವಾರ ಮೊಮ್ಮಕ್ಕಳ ಕಾಟ ತಾಳಲಾರದೆ ಅಲ್ಲಿಗೆ ಹೋಗಿದ್ದೆ. ಕಾಲಿಡಲು ಜಾಗವಿಲ್ಲದಷ್ಟು ಸಂಸಾರಗಳು, ತಳ್ಳುಗಾಡಿಯಲ್ಲಿ ಕೂಸುಗಳು. ಪಾದರಕ್ಷೆಯ ಅಂಗಡಿಯಲ್ಲಿ ಮೊಮ್ಮಗಳ ಕಾಲಿಗೆ ಬೂಟು ತೊಡಿಸುತ್ತಿದ್ದ ಹುಡುಗಿ ನಮ್ಮ ಮಾತು ಕೇಳಿ ತಲೆಯೆತ್ತಿದಳು. "ನೀವು ಕನ್ನಡದವ್ರಾ ಅಜ್ಜಾ? ನಮ್ದು ವಿಜಾಪುರದ ಕಡೆ" ಎಂದಳು. ಭಾನುವಾರ ಸಂಘಕ್ಕೆ ಬಾರಮ್ಮ, ಕನ್ನಡದವರೆಲ್ಲ ಸೇರುತ್ತೇವೆ ಎಂದೆ. ಅವಳು ನಕ್ಕಳು. 2017ರ ಹೊಸ ಕಾಯಿದೆಯ ಮೇಲೆ ಅಂಗಡಿಗಳು ವರ್ಷವಿಡೀ ತೆರೆದಿರಬಹುದು, ನೌಕರರಿಗೆ ಸರದಿಯ ಮೇಲೆ ವಾರದ ರಜೆ. "ನನ್ನ ಸುಟ್ಟಿ ಮಂಗಳವಾರ ಅಜ್ಜಾ" ಎಂದು, ಬೂಟಿನ ಲಾಡಿ ಬಿಗಿದು, "ನಿಂದು ಐತವಾರ ಅಲ್ಲಾ?" ಎಂದು ಮಗುವನ್ನು ಕೇಳಿದಳು. ಮೊಮ್ಮಗಳಿಗೆ ಆ ಮಾತು ಅರ್ಥವಾಗದೆ ನನ್ನ ಮುಖ ನೋಡಿದಳು.